ಬೊಟಾಕ್ಸ್: ಸುಕ್ಕಿಗೆ ಬೊಟುಲಿನಮ್ ನಂಜಿನ ಚಿಕಿತ್ಸೆ

ಬೊಟಾಕ್ಸ್ ಕ್ಲಾಸ್ಟ್ರಿಡಿಯಮ್ ಬೊಟುಲಿನಮ್ ಎಂಬ ಬ್ಯಾಕ್ಟೀರಿಯ ಉತ್ಪಾದಿಸುವ ನರವಿಷದಿಂದ ತಯಾರಾದ ಚುಚ್ಚುಮದ್ದು. ಹಣೆಯ ಮೇಲೆ, ಹುಬ್ಬುಗಳ ನಡುವೆ ಮತ್ತು ಕಣ್ಣಂಚಿನಲ್ಲಿ ಮೂಡುವ ಸುಕ್ಕುಗಳನ್ನು ಕೆಲವು ತಿಂಗಳ ಮಟ್ಟಿಗೆ ತಗ್ಗಿಸಲು ಇದನ್ನು ಬಳಸುತ್ತಾರೆ. ಬೊಟಾಕ್ಸ್ ಎಂಬುದು ಒಂದು ಕಂಪನಿಯ ವ್ಯಾಪಾರನಾಮ. ಡಿಸ್‌ಪೋರ್ಟ್, ಜಿಯೊಮಿನ್ ಮೊದಲಾದ ಹೆಸರುಗಳಲ್ಲಿಯೂ ಇದೇ ಬಗೆಯ ಔಷಧಗಳು ದೊರೆಯುತ್ತವೆಯಾದರೂ ಜನಬಳಕೆಯಲ್ಲಿ ಎಲ್ಲಕ್ಕೂ ಬೊಟಾಕ್ಸ್ ಎಂದೇ ಹೆಸರು. ಕತ್ತರಿಸುವುದಿಲ್ಲ, ಹೊಲಿಗೆಯಿಲ್ಲ, ಅರಿವಳಿಕೆ ಕೊಟ್ಟು ಮಲಗಿಸುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಹೀಗಾಗಿ ಇದನ್ನು ಫೇಶಿಯಲ್, ಬ್ಲೀಚ್‌ಗಳ ಸಾಲಿಗೆ ಸೇರಿಸುವವರು ಹೆಚ್ಚುತ್ತಿದ್ದಾರೆ. ಈ ತಿಳಿವಳಿಕೆ ಅಪಾಯಕಾರಿ. ಮನುಷ್ಯನಿಗೆ ಗೊತ್ತಿರುವ ವಿಷಗಳಲ್ಲೇ ಅತ್ಯಂತ ತೀಕ್ಷ್ಣವಾದ ಒಂದು ವಿಷ ಇಲ್ಲಿ ಔಷಧವಾಗಿದೆ. ಅದನ್ನು ಔಷಧವಾಗಿ ಉಳಿಸುವುದು ಶುದ್ಧವಾದ ತಯಾರಿಕೆ, ನಿಖರವಾದ ಅಳತೆ ಮತ್ತು ಮುಖದ ಸ್ನಾಯುಗಳನ್ನು ಬಲ್ಲ ಕೈ.

ಸುಕ್ಕು ಮೂಡುವ ಬಗೆ

ಮೈಯ ಬೇರೆಡೆ ಸ್ನಾಯುಗಳು ಬಹುಮಟ್ಟಿಗೆ ಎಲುಬಿನಿಂದ ಎಲುಬಿಗೆ ಹೆಣೆದುಕೊಂಡಿದ್ದರೆ, ಮುಖದ ಅನೇಕ ಸ್ನಾಯುಗಳು ನೇರವಾಗಿ ಚರ್ಮಕ್ಕೆ ಅಂಟಿಕೊಂಡಿವೆ. ನಗು, ಸಿಟ್ಟು, ಬೆರಗು, ಚಿಂತೆಗಳೆಲ್ಲ ಮುಖದ ಮೇಲೆ ಕಾಣಿಸುವುದು ಇದರಿಂದಲೇ. ಸ್ನಾಯು ಕುಗ್ಗಿದಾಗ ಅದರ ಎಳೆಗಳಿಗೆ ಅಡ್ಡಲಾಗಿ ಚರ್ಮ ಮಡಿಕೆಯಾಗುತ್ತದೆ. ಹುಬ್ಬೇರಿಸುವ ಸ್ನಾಯು ಹಣೆಯಲ್ಲಿ ಮೇಲಕ್ಕೂ ಕೆಳಕ್ಕೂ ಹಬ್ಬಿರುವುದರಿಂದ ಹಣೆಯ ಗೆರೆಗಳು ಅಡ್ಡಡ್ಡವಾಗಿ ಬೀಳುತ್ತವೆ. ಹುಬ್ಬು ಗಂಟಿಕ್ಕುವ ಸ್ನಾಯುಗಳು ಹುಬ್ಬುಗಳನ್ನು ಒಳಕ್ಕೆಳೆಯುವುದರಿಂದ ಅವುಗಳ ನಡುವೆ ಉದ್ದ ಗೆರೆಗಳು ಮೂಡುತ್ತವೆ. ಕಣ್ಣಿನ ಸುತ್ತ ಬಳೆಯಂತಿರುವ ಸ್ನಾಯು ನಗುವಾಗ ಕಣ್ಣಂಚಿನ ಗೆರೆಗಳನ್ನು ಎಬ್ಬಿಸುತ್ತದೆ.

ಎಳೆಯ ವಯಸ್ಸಿನಲ್ಲಿ ಸ್ನಾಯು ಸಡಿಲಿದ ಕೂಡಲೇ ಮಡಿಕೆ ಅಳಿಸಿಹೋಗುತ್ತದೆ. ವಯಸ್ಸಾದಂತೆ ಚರ್ಮದೊಳಗಿನ ಕೊಲಾಜನ್ ಮತ್ತು ಎಲಾಸ್ಟಿನ್ ಎಳೆಗಳು ಕ್ಷೀಣಿಸುತ್ತವೆ. ಬಿಸಿಲಿನ ಅತಿನೇರಳೆ ಕಿರಣಗಳು ಮತ್ತು ಧೂಮಪಾನ ಈ ಕ್ಷಯವನ್ನು ಬಿರುಸುಗೊಳಿಸುತ್ತವೆ. ಆಗ, ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಮಡಿಚಿಟ್ಟ ರೇಷ್ಮೆ ಸೀರೆ ಬಿಡಿಸಿದರೂ ಮಡಿಕೆಯ ಗುರುತು ಬಿಡದಂತೆ, ಮುಖ ಸುಮ್ಮನಿದ್ದಾಗಲೂ ಗೆರೆ ಉಳಿದುಬಿಡುತ್ತದೆ. ಮುಖಭಾವದೊಂದಿಗೆ ಬಂದುಹೋಗುವ ಗೆರೆಗಳನ್ನು ಚಲನೆಯ ಸುಕ್ಕುಗಳೆಂದೂ ಸದಾ ಕಾಣುವವನ್ನು ಸ್ಥಿರ ಸುಕ್ಕುಗಳೆಂದೂ ವೈದ್ಯರು ಬೇರ್ಪಡಿಸುತ್ತಾರೆ. ಬೊಟಾಕ್ಸ್ ಚೆನ್ನಾಗಿ ಕೆಲಸ ಮಾಡುವುದು ಮೊದಲ ಬಗೆಯ ಮೇಲೆ.

ಔಷಧ ವರ್ತಿಸುವ ಬಗೆ

ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಂದು ಸ್ನಾಯುವನ್ನು ಮುಟ್ಟಿದಾಗ ಸ್ನಾಯು ಕುಗ್ಗುತ್ತದೆ. ಈ ರಾಸಾಯನಿಕ ನರದ ತುದಿಯಲ್ಲಿ ಪುಟ್ಟ ಕೋಶಿಕೆಗಳಲ್ಲಿ ತುಂಬಿರುತ್ತದೆ. ಕೋಶಿಕೆ ನರದ ಹೊರಪೊರೆಯೊಂದಿಗೆ ಬೆಸೆದುಕೊಂಡು ಬಾಯ್ದೆರೆಯಲು ಕೆಲವು ಪ್ರೋಟೀನ್‌ಗಳು ಬೇಕು. ಬೊಟುಲಿನಮ್ ವಿಷದ ಅಣುವಿನಲ್ಲಿ ಎರಡು ಸರಪಳಿಗಳಿವೆ. ದೊಡ್ಡದು ನರದ ತುದಿಯನ್ನು ಗುರುತಿಸಿ ಅಂಟಿಕೊಂಡು ವಿಷ ಒಳಸೇರಲು ದಾರಿ ಮಾಡುತ್ತದೆ. ಚಿಕ್ಕದು ಒಳಹೊಕ್ಕು, ಬೆಸುಗೆಗೆ ಬೇಕಾದ ಪ್ರೋಟೀನನ್ನು ಕತ್ತರಿಸುತ್ತದೆ. ಬೊಟಾಕ್ಸ್‌ನಲ್ಲಿರುವ ಎ ಮಾದರಿಯ ವಿಷ ಕತ್ತರಿಸುವುದು ಸ್ನ್ಯಾಪ್-25 ಎಂಬ ಪ್ರೋಟೀನನ್ನು. ಕೋಶಿಕೆ ತೆರೆಯದಿದ್ದರೆ ಆಜ್ಞೆ ಸ್ನಾಯುವಿಗೆ ತಲುಪದು. ಸ್ನಾಯು ಸಡಿಲವಾಗಿ ಉಳಿದು, ಅದರ ಮೇಲಿನ ಚರ್ಮ ನುಣುಪಾಗುತ್ತದೆ.

ಪರಿಣಾಮ ಒಡನೆಯೇ ಕಾಣದು. ಕೆಲವು ದಿನಗಳಲ್ಲಿ ಆರಂಭವಾಗಿ ಸುಮಾರು ಎರಡು ವಾರಗಳಲ್ಲಿ ಪೂರ್ಣವಾಗುತ್ತದೆ. ಮುಂದೆ ನರ ಮೊದಲು ಹೊಸ ಕವಲುಗಳನ್ನು ಚಾಚುತ್ತದೆ, ಬಳಿಕ ಹಳೆಯ ತುದಿಯೇ ಚೇತರಿಸಿಕೊಳ್ಳುತ್ತದೆ. ಹೀಗಾಗಿ ಮೂರು ನಾಲ್ಕು ತಿಂಗಳಲ್ಲಿ ಚಲನೆ ಮರಳುತ್ತದೆ, ಗೆರೆಗಳೂ ಮರಳುತ್ತವೆ. ಔಷಧ ನಿಲ್ಲಿಸಿದರೆ ಮುಖ ಮೊದಲಿಗಿಂತ ಹೆಚ್ಚು ಸುಕ್ಕಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಶಾಶ್ವತವಾಗಿ ಸುಕ್ಕು ಹೋಗುತ್ತದೆ ಎಂಬ ಜಾಹೀರಾತಿಗೂ ಆಧಾರವಿಲ್ಲ.

ಚರಿತ್ರೆ

ಈ ವಿಷದ ಮೊದಲ ಪರಿಚಯ ಊಟದ ತಟ್ಟೆಯಿಂದಲೇ ಆಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತ್ಯದಲ್ಲಿ ಕೆಟ್ಟ ಸಾಸೇಜ್ ತಿಂದವರು ಕಣ್ಣು ಮಂಜಾಗಿ, ರೆಪ್ಪೆ ಜೋತುಬಿದ್ದು, ನುಂಗಲಾಗದೆ, ಉಸಿರುಕಟ್ಟಿ ಸಾಯುತ್ತಿದ್ದರು. ವೈದ್ಯನೂ ಕವಿಯೂ ಆಗಿದ್ದ ಯುಸ್ಟಿನುಸ್ ಕೆರ್ನರ್ ಈ ಪ್ರಕರಣಗಳನ್ನು ಒಂದೊಂದಾಗಿ ದಾಖಲಿಸಿ 1822ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ. ಕೆಟ್ಟ ಸಾಸೇಜಿನಿಂದ ತೆಗೆದ ಸಾರವನ್ನು ತಾನೇ ರುಚಿ ನೋಡಿ ಲಕ್ಷಣಗಳನ್ನು ಬರೆದಿಟ್ಟ. ನರಗಳ ಅತಿಚಟುವಟಿಕೆಯಿಂದ ಬರುವ ಕಾಯಿಲೆಗಳಿಗೆ ಇದೇ ವಿಷ ಮುಂದೆ ಔಷಧವಾಗಬಹುದೆಂದು ಸೂಚಿಸಿದವನೂ ಅವನೇ.

1895ರಲ್ಲಿ ಬೆಲ್ಜಿಯಮ್‌ನ ಎಲ್ಲೆಜೆಲ್ ಎಂಬ ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದವರು ಉಪ್ಪು ಹಾಕಿಟ್ಟ ಹಂದಿಮಾಂಸ ತಿಂದು ಕಾಯಿಲೆ ಬಿದ್ದರು, ಮೂವರು ಸತ್ತರು. ಎಮಿಲ್ ವ್ಯಾನ್ ಎರ್ಮೆಂಗೆಮ್ ಆ ಮಾಂಸದಿಂದಲೂ ಸತ್ತವರ ಅಂಗಗಳಿಂದಲೂ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ, ಗಾಳಿಯಿಲ್ಲದೆಡೆ ಬೆಳೆಯುವ ಈ ಜೀವಿಯೇ ವಿಷದ ಮೂಲವೆಂದು ತೋರಿಸಿದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ಇದನ್ನು ಜೈವಿಕ ಅಸ್ತ್ರದ ದೃಷ್ಟಿಯಿಂದ ಅಧ್ಯಯನ ಮಾಡಿತು. ಆ ಪ್ರಯತ್ನದ ಫಲವಾಗಿ ವಿಷವನ್ನು ಹರಳಿನ ರೂಪದಲ್ಲಿ ಶುದ್ಧೀಕರಿಸುವ ವಿಧಾನ 1946ರಲ್ಲಿ ಕೈಗೂಡಿತು.

ವಿಷವನ್ನು ಚಿಕಿತ್ಸೆಗೆ ತಂದವರು ಸ್ಯಾನ್ ಫ್ರಾನ್ಸಿಸ್ಕೋದ ನೇತ್ರವೈದ್ಯ ಆಲನ್ ಸ್ಕಾಟ್. ಮೆಳ್ಳೆಗಣ್ಣಿಗೆ ಶಸ್ತ್ರಚಿಕಿತ್ಸೆಯ ಬದಲು, ಎಳೆಯುವ ಸ್ನಾಯುವನ್ನೇ ಸಡಿಲಿಸುವ ಔಷಧವನ್ನು ಅವರು ಹುಡುಕುತ್ತಿದ್ದರು. ಎಡ್ವರ್ಡ್ ಶಾಂಟ್ಜ್ ಶುದ್ಧೀಕರಿಸಿ ಕೊಟ್ಟ ವಿಷವನ್ನು ಮೊದಲು ಕೋತಿಗಳ ಮೇಲೆ, ಬಳಿಕ ಮನುಷ್ಯರ ಮೇಲೆ ಪ್ರಯೋಗಿಸಿ 1980ರಲ್ಲಿ ಫಲಿತಾಂಶ ಪ್ರಕಟಿಸಿದರು. 1989ರ ಡಿಸೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) ಮೆಳ್ಳೆಗಣ್ಣು ಮತ್ತು ರೆಪ್ಪೆಸೆಳೆತಕ್ಕೆ ಇದನ್ನು ಒಪ್ಪಿತು. ಆಕ್ಯುಲಿನಮ್ ಎಂದಿದ್ದ ಔಷಧವನ್ನು ಅಲರ್ಗನ್ ಕಂಪನಿ ಕೊಂಡು ಬೊಟಾಕ್ಸ್ ಎಂದು ಹೆಸರಿಟ್ಟಿತು.

ಸೌಂದರ್ಯ ಚಿಕಿತ್ಸೆಯ ದಾರಿ ತೆರೆದದ್ದು ಕೆನಡಾದ ವ್ಯಾಂಕೂವರ್‌ನಲ್ಲಿ. ನೇತ್ರವೈದ್ಯೆ ಜೀನ್ ಕರುಥರ್ಸ್ ಅವರಲ್ಲಿ ರೆಪ್ಪೆಸೆಳೆತಕ್ಕೆ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದ ಮಹಿಳೆಯೊಬ್ಬರು, ಹುಬ್ಬಿನ ನಡುವೆಯೂ ಮದ್ದು ಹಾಕಿದಾಗ ತಮ್ಮ ಮುಖ ನಿರಾಳವಾಗಿ ಕಾಣುತ್ತದೆ ಎಂದರು. ಜೀನ್ ಇದನ್ನು ಚರ್ಮರೋಗ ತಜ್ಞರಾಗಿದ್ದ ಪತಿ ಅಲಸ್ಟೇರ್ ಅವರಿಗೆ ತಿಳಿಸಿದರು. ಇಬ್ಬರೂ ಸೇರಿ ನಡೆಸಿದ ಅಧ್ಯಯನ 1992ರಲ್ಲಿ ಪ್ರಕಟವಾಯಿತು. ಎಫ್‌ಡಿಎ 2002ರಲ್ಲಿ ಹುಬ್ಬಿನ ನಡುವಿನ ಗೆರೆಗಳಿಗೆ, 2013ರಲ್ಲಿ ಕಣ್ಣಂಚಿನ ಗೆರೆಗಳಿಗೆ, 2017ರಲ್ಲಿ ಹಣೆಯ ಗೆರೆಗಳಿಗೆ ಅನುಮತಿ ನೀಡಿತು.

ಚಿಕಿತ್ಸೆಯ ಕ್ರಮ

ಔಷಧ ಒಣಪುಡಿಯಾಗಿ ಸೀಸೆಯಲ್ಲಿ ಬರುತ್ತದೆ. ಅದನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಸೀಸೆಯಲ್ಲಿರುವ ವಿಷದ ತೂಕವನ್ನು ನ್ಯಾನೊಗ್ರಾಮಿನಲ್ಲಿ ಹೇಳಬೇಕು, ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲಿನ ಲೆಕ್ಕದಲ್ಲಿ. ಬರಿಗಣ್ಣಿಗೆ ಸೀಸೆ ಖಾಲಿ ಇದ್ದಂತೆಯೇ ಕಾಣಬಹುದು. ವೈದ್ಯರು ಇದಕ್ಕೆ ಸಲೈನ್ ಬೆರೆಸಿ, ಸಣ್ಣ ಸೂಜಿಯಿಂದ ಗೊತ್ತಾದ ಬಿಂದುಗಳಲ್ಲಿ ಚುಚ್ಚುತ್ತಾರೆ. ಹುಬ್ಬಿನ ನಡುವಿನ ಗೆರೆಗಳಿಗೆ ಅನುಮೋದಿತ ಪ್ರಮಾಣ ಐದು ಕಡೆ ನಾಲ್ಕು ನಾಲ್ಕು ಯೂನಿಟ್, ಒಟ್ಟು 20 ಯೂನಿಟ್. ಯೂನಿಟ್ ಎಂಬುದು ತೂಕವಲ್ಲ, ಇಲಿಗಳ ಮೇಲಿನ ಪರೀಕ್ಷೆಯಿಂದ ನಿಗದಿಯಾದ ಶಕ್ತಿಯ ಅಳತೆ. ಒಂದು ಕಂಪನಿಯ ಯೂನಿಟ್ ಮತ್ತೊಂದರ ಯೂನಿಟ್‌ಗೆ ಸಮವಲ್ಲವಾದ್ದರಿಂದ ಯಾವ ಔಷಧ, ಎಷ್ಟು ಯೂನಿಟ್ ಎಂಬ ಎರಡನ್ನೂ ಚಿಕಿತ್ಸೆಯ ದಾಖಲೆಯಲ್ಲಿ ಬರೆಯಬೇಕು.

ಮದ್ದು ಹಾಕಿಸಿಕೊಂಡ ಮೇಲೆ ಕೆಲವು ಗಂಟೆ ಆ ಜಾಗವನ್ನು ಉಜ್ಜಬಾರದು, ಮುಖದ ಮಸಾಜ್ ಮಾಡಿಸಬಾರದು ಎಂದು ವೈದ್ಯರು ಹೇಳುತ್ತಾರೆ. ಔಷಧ ಪಕ್ಕದ ಸ್ನಾಯುವಿಗೆ ಹರಡದಿರಲಿ ಎಂಬುದು ಇದರ ಉದ್ದೇಶ.

ಅಡ್ಡಪರಿಣಾಮ ಮತ್ತು ಅಪಾಯ

ಚುಚ್ಚಿದಲ್ಲಿ ನೋವು, ರಕ್ತ ಹೆಪ್ಪುಗಟ್ಟಿದ ನೀಲಿ ಗುರುತು, ತಲೆನೋವು ಸಾಮಾನ್ಯ, ತಾವಾಗಿಯೇ ಹೋಗುತ್ತವೆ. ಔಷಧ ರೆಪ್ಪೆ ಎತ್ತುವ ಸ್ನಾಯುವಿಗೆ ತಾಗಿದರೆ ಕಣ್ಣುರೆಪ್ಪೆ ಜೋತುಬೀಳುತ್ತದೆ. ಹಣೆಗೆ ಅತಿಯಾದರೆ ಹುಬ್ಬೇ ಕೆಳಗಿಳಿದು ಕಣ್ಣು ಭಾರವಾಗುತ್ತದೆ. ಎರಡೂ ಬದಿ ಸಮನಾಗದಿದ್ದರೆ ಒಂದು ಹುಬ್ಬು ಮೇಲೇರಿ ನಿಲ್ಲುತ್ತದೆ. ಒಮ್ಮೆ ನರದೊಳಗೆ ಸೇರಿದ ಔಷಧವನ್ನು ಹಿಂತೆಗೆಯುವ ಮದ್ದಿಲ್ಲ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯುವುದೇ ದಾರಿ.

ವಿಷ ದೂರದ ಸ್ನಾಯುಗಳಿಗೂ ಹರಡುವುದು ಅಪರೂಪ, ಆದರೆ ಜೀವಕ್ಕೆ ಎರವಾಗಬಲ್ಲದು. ಮಾತು ತೊದಲುವುದು, ನುಂಗಲು ಕಷ್ಟವಾಗುವುದು, ಎರಡೆರಡಾಗಿ ಕಾಣುವುದು, ಉಸಿರಾಟದ ತೊಂದರೆ ಇದರ ಲಕ್ಷಣಗಳು; ಮದ್ದು ಹಾಕಿಸಿಕೊಂಡ ಕೆಲವು ಗಂಟೆಗಳಿಂದ ಕೆಲವು ವಾರಗಳವರೆಗೆ ಯಾವಾಗ ಬೇಕಾದರೂ ಕಾಣಿಸಿಕೊಳ್ಳಬಹುದು. 2009ರಿಂದ ಎಫ್‌ಡಿಎ ಈ ಎಚ್ಚರಿಕೆಯನ್ನು ಔಷಧದ ಮಾಹಿತಿಪತ್ರದಲ್ಲಿ ಚೌಕಟ್ಟು ಹಾಕಿ ಮುದ್ರಿಸುವುದನ್ನು ಕಡ್ಡಾಯ ಮಾಡಿದೆ. ಇಂಥ ಲಕ್ಷಣ ಕಂಡವರು ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಅನರ್ಹರ ಕೈಯಲ್ಲಿ ಮತ್ತು ನಕಲಿ ಔಷಧದಿಂದ ಏನಾಗಬಹುದೆಂಬುದಕ್ಕೆ 2024ರ ಅಮೆರಿಕದ ಪ್ರಕರಣಗಳು ಸಾಕ್ಷಿ. ಮನೆಗಳಲ್ಲಿ, ಸ್ಪಾಗಳಲ್ಲಿ ಚುಚ್ಚಿಸಿಕೊಂಡವರೂ ಸೇರಿದಂತೆ 11 ರಾಜ್ಯಗಳ 22 ಮಂದಿ ಅಸ್ವಸ್ಥರಾದರೆಂದು ಆ ವರ್ಷದ ಏಪ್ರಿಲ್‌ನಲ್ಲಿ ಅಲ್ಲಿನ ರೋಗನಿಯಂತ್ರಣ ಕೇಂದ್ರ ಪ್ರಕಟಿಸಿತು. ಅವರಲ್ಲಿ 11 ಮಂದಿ ಆಸ್ಪತ್ರೆ ಸೇರಿದ್ದರು.

ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಈ ಚಿಕಿತ್ಸೆಯನ್ನು ಮುಂದೂಡುವುದು ಲೇಸು. ಮಯಸ್ತೇನಿಯ ಗ್ರಾವಿಸ್‌ನಂಥ ನರ-ಸ್ನಾಯು ಕಾಯಿಲೆಯಿದ್ದವರಲ್ಲಿ ಅಪಾಯ ಹೆಚ್ಚು. ಚುಚ್ಚಬೇಕಾದ ಜಾಗದಲ್ಲಿ ಸೋಂಕಿದ್ದರೆ ಕೊಡುವಂತಿಲ್ಲ. ಜೆಂಟಮೈಸಿನ್‌ನಂಥ ಕೆಲವು ಆ್ಯಂಟಿಬಯಾಟಿಕ್‌ಗಳು ವಿಷದ ಪರಿಣಾಮವನ್ನು ಹೆಚ್ಚಿಸುತ್ತವೆ; ಆದ್ದರಿಂದ ತೆಗೆದುಕೊಳ್ಳುತ್ತಿರುವ ಔಷಧಗಳನ್ನೆಲ್ಲ ವೈದ್ಯರಿಗೆ ತಿಳಿಸಬೇಕು. ಇತರರಿಗೆ ಕಾಣದ ಕುಂದನ್ನು ತನ್ನ ಮುಖದಲ್ಲಿ ಕಂಡು ಸದಾ ಕೊರಗುವ ಮನೋವ್ಯಾಧಿಯೊಂದಿದೆ. ಅಂಥವರಿಗೆ ಚುಚ್ಚುಮದ್ದಿನಿಂದ ಸಮಾಧಾನ ಸಿಗುವುದಿಲ್ಲ. ಅವರನ್ನು ಗುರುತಿಸಿ ಮನೋವೈದ್ಯರ ಬಳಿಗೆ ಕಳುಹಿಸುವುದು ಸೌಂದರ್ಯ ಚಿಕಿತ್ಸಕರ ಕರ್ತವ್ಯ.

ಇತರ ವೈದ್ಯಕೀಯ ಬಳಕೆ

ಸುಕ್ಕಿನ ಚಿಕಿತ್ಸೆಯ ಅಬ್ಬರದಲ್ಲಿ ಈ ಔಷಧದ ದೊಡ್ಡ ಉಪಕಾರ ಮರೆಗೆ ಸರಿದಿದೆ. ಸೆರೆಬ್ರಲ್ ಪಾಲ್ಸಿಯಿಂದ ಕಾಲು ಸೆಟೆದ ಮಕ್ಕಳು, ಪಾರ್ಶ್ವವಾಯುವಿನ ನಂತರ ಮುಷ್ಟಿ ಬಿಚ್ಚಲಾಗದವರು, ಕತ್ತು ತಿರುಚಿಕೊಳ್ಳುವ ಕಾಯಿಲೆಯವರು, ಅಂಗೈ ಮತ್ತು ಕಂಕುಳಲ್ಲಿ ಮಿತಿಮೀರಿ ಬೆವರುವವರು, ತಿಂಗಳ ಅರ್ಧದಷ್ಟು ದಿನಗಳು ತಲೆನೋವಿನಿಂದ ನರಳುವ ಮೈಗ್ರೇನ್ ರೋಗಿಗಳು ಇದರಿಂದ ನೆಮ್ಮದಿ ಕಂಡಿದ್ದಾರೆ.

ಮುಪ್ಪಿನ ಇತರ ಚಿಕಿತ್ಸೆಗಳ ನಡುವೆ

ಮುಖಕ್ಕೆ ವಯಸ್ಸಾಗುವುದೆಂದರೆ ಗೆರೆ ಮೂಡುವುದಷ್ಟೇ ಅಲ್ಲ. ಕೆನ್ನೆಯ ಕೊಬ್ಬು ಕರಗುತ್ತದೆ, ಚರ್ಮ ಜೋಲುತ್ತದೆ, ಬಣ್ಣ ಏರುಪೇರಾಗುತ್ತದೆ. ಬೊಟಾಕ್ಸ್ ಇವಾವನ್ನೂ ಸರಿಪಡಿಸದು. ಬತ್ತಿದ ಕೆನ್ನೆಗೆ ಹೈಯಲುರಾನಿಕ್ ಆಮ್ಲದ ಫಿಲ್ಲರ್ ತುಂಬುತ್ತಾರೆ. ಅದು ಆಕಸ್ಮಿಕವಾಗಿ ರಕ್ತನಾಳಕ್ಕೆ ಹೊಕ್ಕರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. ಜೋತ ಚರ್ಮವನ್ನು ಎತ್ತಿ ಬಿಗಿಯುವುದು ಫೇಸ್‌ಲಿಫ್ಟ್ ಎಂಬ ಶಸ್ತ್ರಚಿಕಿತ್ಸೆ. ಲೇಸರ್ ಮತ್ತು ರಾಸಾಯನಿಕ ಪೀಲ್‌ಗಳು ಚರ್ಮದ ಮೇಲ್ಪದರವನ್ನು ಹೊಸದಾಗಿಸುತ್ತವೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಇವು ಕೆಲವೊಮ್ಮೆ ಕಪ್ಪು ಕಲೆ ಉಳಿಸುವುದರಿಂದ ಹೆಚ್ಚಿನ ಎಚ್ಚರ ಬೇಕು. ಟ್ರೆಟಿನಾಯಿನ್ ಎಂಬ ಮುಲಾಮು ತಿಂಗಳುಗಳ ಬಳಕೆಯಿಂದ ಸಣ್ಣ ಸುಕ್ಕುಗಳನ್ನು ತಗ್ಗಿಸುತ್ತದೆಂದು ಪರೀಕ್ಷೆಗಳಲ್ಲಿ ಸಾಬೀತಾಗಿದೆ; ಗರ್ಭಿಣಿಯರು ಅದನ್ನು ಹಚ್ಚಬಾರದು.

ತಡೆಗಟ್ಟುವುದರಲ್ಲಿ ಮಾತ್ರ ಬಿಸಿಲಿನಿಂದ ರಕ್ಷಣೆಯೇ ಮುಂದು. ಆಸ್ಟ್ರೇಲಿಯದ ನಂಬೋರ್‌ನಲ್ಲಿ 903 ವಯಸ್ಕರ ಮೇಲೆ ನಾಲ್ಕೂವರೆ ವರ್ಷ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನವೂ ಸನ್‌ಸ್ಕ್ರೀನ್ ಹಚ್ಚಿಕೊಂಡವರ ಚರ್ಮದ ಮುಪ್ಪು ಇತರರಿಗಿಂತ ಶೇ. 24ರಷ್ಟು ಕಡಿಮೆಯಿತ್ತು. ಕೊಡೆ, ಟೋಪಿ, ಸೆರಗು ಇವೂ ಇದೇ ಕೆಲಸ ಮಾಡುತ್ತವೆ.

ಭಾರತದಲ್ಲಿ

ಭಾರತದಲ್ಲಿ ಬೊಟುಲಿನಮ್ ವಿಷ ಕಾನೂನಿನ ಪ್ರಕಾರ ಔಷಧ. ಚರ್ಮರೋಗ ತಜ್ಞರು ಮತ್ತು ಪ್ಲಾಸ್ಟಿಕ್ ಸರ್ಜನ್‌ಗಳು ಇದರಲ್ಲಿ ತರಬೇತಿ ಪಡೆದಿರುತ್ತಾರೆ. ಬೆಂಗಳೂರು, ಮೈಸೂರು, ಮಂಗಳೂರಿನಂಥ ನಗರಗಳಲ್ಲಿ ಬ್ಯೂಟಿ ಪಾರ್ಲರಿಗೂ ಸ್ಕಿನ್ ಕ್ಲಿನಿಕ್ಕಿಗೂ ಹೊರನೋಟಕ್ಕೆ ವ್ಯತ್ಯಾಸ ತಿಳಿಯದಂತಾಗಿರುವುದರಿಂದ ಚಿಕಿತ್ಸೆ ಬಯಸುವವರೇ ವಿಚಾರಿಸಬೇಕಾಗುತ್ತದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರಂತೆ ಪ್ರತಿಯೊಂದು ಖಾಸಗಿ ಕ್ಲಿನಿಕ್ಕೂ ನೋಂದಣಿ ಮಾಡಿಸಿ ಪ್ರಮಾಣಪತ್ರವನ್ನು ಎದ್ದುಕಾಣುವಂತೆ ತೂಗುಹಾಕಬೇಕು. ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಔಷಧದ ಚೀಟಿಯಲ್ಲಿ ನಮೂದಿಸಬೇಕು. ಪ್ರಮಾಣಪತ್ರವನ್ನೂ ಈ ಸಂಖ್ಯೆಯನ್ನೂ ನೋಡುವುದು, ಸೀಸೆಯನ್ನು ತಮ್ಮೆದುರೇ ತೆರೆಯುವಂತೆ ಕೇಳುವುದು, ಅದರ ಹೆಸರು, ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕವನ್ನು ಬರೆದುಕೊಳ್ಳುವುದು ರೋಗಿಯ ಹಕ್ಕು. ಸುಕ್ಕು ಕಾಯಿಲೆಯಲ್ಲ, ಅದನ್ನು ತೆಗೆಸಿಕೊಳ್ಳಲೇಬೇಕಾದ ತುರ್ತು ಯಾರಿಗೂ ಇಲ್ಲ. ಈ ಪ್ರಶ್ನೆಗಳಿಗೆ ಬೇಸರಿಸದೆ ಉತ್ತರಿಸುವ ವೈದ್ಯರು ಸಿಗುವವರೆಗೆ ಕಾಯುವುದರಿಂದ ಯಾವ ನಷ್ಟವೂ ಆಗುವುದಿಲ್ಲ.