ದೇವರು ಮೊದಲೇ ಲಿಸ್ಟ್ ಮಾಡಿಟ್ಟಿದ್ದಾನಾ?

ಯಾರು ಉದ್ಧಾರ ಆಗಬೇಕು, ಯಾರು ನರಕಕ್ಕೆ ಹೋಗಬೇಕು ಅಂತ ದೇವರು ಜಗತ್ತು ಹುಟ್ಟೋಕೂ ಮೊದಲೇ ಲಿಸ್ಟ್ ಮಾಡಿಟ್ಟಿದ್ದಾನೆ ಅಂದುಕೊಳ್ಳಿ. ಹಾಗಾದ್ರೆ ನೀವು ಒಳ್ಳೆಯವರಾಗಿ ಬದುಕಿ ಏನು ಪ್ರಯೋಜನ? ನಾವು ಹಣೆಬರಹ ಅಂದು ಸುಮ್ಮನಾಗಿಬಿಡ್ತೀವಿ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆಗೆ ಇಬ್ಬರು ಆಪ್ತ ಗೆಳೆಯರು ಬೇರೆಯಾದರು. ಒಬ್ಬರು ಮೆಥಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿ. ಇನ್ನೊಬ್ಬರು ಜಾರ್ಜ್ ವಿಟ್‌ಫೀಲ್ಡ್.

ಇಬ್ಬರೂ ಆಕ್ಸ್‌ಫರ್ಡ್‌ನವರು. ಟೈಮ್‌ಟೇಬಲ್ ಹಾಕಿಕೊಂಡು ಪ್ರಾರ್ಥನೆ, ಉಪವಾಸ, ಜೈಲಿನಲ್ಲಿರೋ ಕೈದಿಗಳ ಭೇಟಿ. ಇದನ್ನೆಲ್ಲ ನೋಡಿ ಉಳಿದವರು ಇಟ್ಟ ಅಡ್ಡಹೆಸರೇ ಮೆಥಡಿಸ್ಟ್! ಆದರೆ ನಿಯಮಗಳಿಂದ ವೆಸ್ಲಿಗೆ ನೆಮ್ಮದಿ ಸಿಗಲಿಲ್ಲ. 1738ರ ಮೇ 24ರ ರಾತ್ರಿ ಲಂಡನ್‌ನ ಆಲ್ಡರ್ಸ್‌ಗೇಟ್ ಬೀದಿಯ ಸಭೆಯೊಂದರಲ್ಲಿ ಲೂಥರ್ ಬರೆದ ಮುನ್ನುಡಿಯನ್ನು ಓದುತ್ತಿದ್ದರು. ಅದನ್ನು ಕೇಳುವಾಗ ಎದೆ ಬೆಚ್ಚಗಾಯಿತು ಅಂತ ವೆಸ್ಲಿ ದಿನಚರಿಯಲ್ಲಿ ಬರೆದುಕೊಂಡರು. ಮೋಕ್ಷ ದುಡಿದು ಸಂಪಾದಿಸೋದಲ್ಲ, ಅದು ಕೃಪೆ ಅನ್ನೋದು ಮನಸ್ಸಿಗೆ ನಾಟಿತು.

ಸರಿ, ಕೃಪೆ ಯಾರಿಗೆ? ಜಗಳ ಶುರುವಾಗೋದೇ ಇಲ್ಲಿ.

1739ರಲ್ಲಿ ಬ್ರಿಸ್ಟಲ್ ಪಕ್ಕದ ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಕಾರ್ಮಿಕರಿಗೆ ವಿಟ್‌ಫೀಲ್ಡ್ ಬಯಲಿನಲ್ಲೇ ನಿಂತು ಬೋಧಿಸತೊಡಗಿದರು. ಮಸಿ ಮೆತ್ತಿದ ಕೆನ್ನೆಗಳ ಮೇಲೆ ಕಣ್ಣೀರು ಬಿಳಿ ಗೆರೆ ಎಳೆಯಿತಂತೆ. ಚರ್ಚಿನ ಹೊರಗೆ ಬೋಧಿಸೋದೇ ಪಾಪ ಅನ್ನೋಷ್ಟು ಮಡಿವಂತರಾಗಿದ್ದ ವೆಸ್ಲಿಯನ್ನೂ ಕರೆಸಿದ್ದು ಅವರೇ. ಆದರೆ ವಿಟ್‌ಫೀಲ್ಡ್ ಕ್ಯಾಲ್ವಿನ್‌ನ ಹಾದಿಯವರು: ದೇವರು ಆರಿಸಿದವರಿಗಷ್ಟೇ ಮುಕ್ತಿ. ವೆಸ್ಲಿ ಒಪ್ಪಲಿಲ್ಲ. ಮನುಷ್ಯ ಸ್ವಂತ ಬಲದಿಂದ ದೇವರ ಕಡೆ ತಿರುಗಲಾರ ಅನ್ನೋದನ್ನು ವೆಸ್ಲಿಯೂ ಒಪ್ಪುತ್ತಾರೆ. ಆದರೆ ತಿರುಗುವಷ್ಟು ಶಕ್ತಿಯನ್ನು ದೇವರು ಪ್ರತಿಯೊಬ್ಬನಿಗೂ ಮುಂಚೆಯೇ ಕೊಟ್ಟಿದ್ದಾನೆ ಅನ್ನೋದು ಅವರ ವಾದ. ನಾನು ಇಂಜಿನಿಯರಿಂಗ್ ಓದಿದವನು, ನನಗೆ ಅರ್ಥವಾಗೋದು ಹೀಗೆ: ಕರೆಂಟ್ ಲೈನ್ ಎಲ್ಲ ಮನೆಗೂ ಎಳೆದಾಗಿದೆ, ಅದು ನಿಮ್ಮ ಸಾಧನೆಯಲ್ಲ. ಸ್ವಿಚ್ ಮಾತ್ರ ನಿಮ್ಮ ಕೈಲಿದೆ. ಹಾಕಿದ್ದನ್ನು ಆರಿಸಲೂಬಹುದು, ಅಂದರೆ ಸಿಕ್ಕ ಕೃಪೆಯನ್ನು ಕಳೆದುಕೊಳ್ಳಲೂಬಹುದು. ಅದಕ್ಕೇ 1742ರಿಂದ ಹನ್ನೆರಡು ಜನರ ಪುಟ್ಟ ಗುಂಪುಗಳು. ವಾರ ವಾರ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳಬೇಕು. ಬರೀ ವ್ಯವಸ್ಥೆ ಅಂದುಕೊಳ್ಳಬೇಡಿ, ಅದರ ಹಿಂದೆ ಈ ಸಿದ್ಧಾಂತವಿದೆ.

ವಿರುದ್ಧವಾಗಿ ಬೋಧಿಸಿ ಪ್ರಿಂಟ್ ಮಾಡಿಸಬೇಕೋ ಬೇಡವೋ? ವೆಸ್ಲಿ ಚೀಟಿ ಎತ್ತಿದರು! ವಿಧಿ ಇಲ್ಲ ಅನ್ನುವವರು ಚೀಟಿ ಎತ್ತೋದು ಅಂದ್ರೆ ತಮಾಷೆ ಅಲ್ವಾ? ಚೀಟಿಯಲ್ಲಿ ಬಂದಿದ್ದು ಬೋಧಿಸು, ಪ್ರಿಂಟ್ ಮಾಡಿಸು ಅಂತ. ಅದೇ ವರ್ಷ ಬಂದ ಉಚಿತ ಕೃಪೆಯ ಬೋಧನೆಯಲ್ಲಿ ಅವರ ಮಾತು ಕಟುವಾಗಿತ್ತು: ನಿಮ್ಮ ಸಿದ್ಧಾಂತ ದೇವರನ್ನು ಸೈತಾನನಿಗಿಂತ ಕ್ರೂರಿ ಮಾಡುತ್ತೆ. 1740ರ ಡಿಸೆಂಬರ್ 24ರಂದು ಜಾರ್ಜಿಯಾದಿಂದ ವಿಟ್‌ಫೀಲ್ಡ್ ಉತ್ತರ ಬರೆದರು. ಆಯ್ಕೆಯಾದವರು ಯಾರು ಅಂತ ನಮಗೆ ಗೊತ್ತಿಲ್ಲ, ಆದ್ದರಿಂದಲೇ ಎಲ್ಲರಿಗೂ ಬೋಧಿಸಬೇಕು ಅಂದರು. ಇದು ದುರ್ಬಲ ಉತ್ತರವೇನಲ್ಲ. ಜೊತೆಗೆ ಚೀಟಿ ವಿಷಯವನ್ನೂ ಜಗಜ್ಜಾಹೀರು ಮಾಡಿದರು. ಗೆಳೆತನ ಮುರಿಯಿತು, ಮೆಥಡಿಸ್ಟರು ಎರಡಾದರು.

ಮುಂದೆ ವಿಟ್‌ಫೀಲ್ಡ್ ಜಾರ್ಜಿಯಾದಲ್ಲಿ ಗುಲಾಮಗಿರಿಯ ನಿಷೇಧ ತೆಗೆಯಿರಿ ಅಂತ ಒತ್ತಾಯಿಸಿದರು. ತಮ್ಮ ಅನಾಥಾಲಯಕ್ಕೆ ಗುಲಾಮರನ್ನೂ ಇಟ್ಟುಕೊಂಡರು. ವೆಸ್ಲಿ 1774ರಲ್ಲಿ ಗುಲಾಮಗಿರಿಯನ್ನು ಖಂಡಿಸಿ ಪುಸ್ತಕವನ್ನೇ ಬರೆದರು. ಇದಕ್ಕೆ ಸಿದ್ಧಾಂತವೇ ಕಾರಣ ಅಂದುಬಿಡೋದು ಸುಲಭ, ಆದರೆ ಗುಲಾಮಗಿರಿ ವಿರುದ್ಧ ಬರೆದ ಜಾನ್ ನ್ಯೂಟನ್ ಕೂಡ ಕ್ಯಾಲ್ವಿನ್ ಕಡೆಯವರೇ. ಆದರೂ ಕೃಪೆ ಎಲ್ಲರಿಗೂ ಅಂದವರು ಆ ಎಲ್ಲರಲ್ಲಿ ಗುಲಾಮನನ್ನೂ ಸೇರಿಸಿದರು ಅನ್ನೋದನ್ನು ನಾನಂತೂ ಮರೆಯಲಾರೆ.

ಇಬ್ಬರ ಸ್ನೇಹ ಕ್ರಮೇಣ ಮತ್ತೆ ಕುದುರಿತು, ಭಿನ್ನಮತ ಮಾತ್ರ ಹಾಗೇ ಉಳಿಯಿತು. 1770ರಲ್ಲಿ ವಿಟ್‌ಫೀಲ್ಡ್ ತೀರಿಕೊಂಡಾಗ, ಅವರ ಇಚ್ಛೆಯಂತೆ ಲಂಡನ್‌ನಲ್ಲಿ ಶ್ರದ್ಧಾಂಜಲಿ ಬೋಧನೆ ಮಾಡಿದ್ದು ವೆಸ್ಲಿಯೇ. ಆ ದಿನ ಪೂರ್ವನಿರ್ಧಾರದ ಬಗ್ಗೆ ಒಂದು ಮಾತೂ ಆಡಲಿಲ್ಲ. ಯಾಕೆ ಆಡಲಿಲ್ಲ ಅಂತ ಕ್ಯಾಲ್ವಿನ್ ಕಡೆಯವರು ಮತ್ತೆ ಜಗಳಕ್ಕೆ ಬಂದರು.