ಪ್ರಥಮ ಋತುಸ್ರಾವ

ಪ್ರಥಮ ಋತುಸ್ರಾವ ಎಂದರೆ ಗರ್ಭಕೋಶದ ಒಳಪೊರೆಯು ಮೊದಲ ಬಾರಿಗೆ ರಕ್ತದೊಡನೆ ಯೋನಿಯ ಮೂಲಕ ಹೊರಬರುವ ಸಹಜ ಕ್ರಿಯೆ. ಆಡುಮಾತಿನಲ್ಲಿ ಇದನ್ನು ಮೈನೆರೆಯುವುದು, ದೊಡ್ಡವಳಾಗುವುದು ಎನ್ನುತ್ತಾರೆ. ಇದು ಸಾಮಾನ್ಯವಾಗಿ 10ರಿಂದ 15 ವರ್ಷದೊಳಗೆ ಉಂಟಾಗುತ್ತದೆ.

ಮುನ್ಸೂಚನೆಗಳು

ಋತುಸ್ರಾವವು ಯಾವ ದಿನ ಆರಂಭವಾಗುತ್ತದೆಂದು ಮೊದಲೇ ಹೇಳಲಾಗದು. ಆದರೆ ಸ್ತನಗಳ ಬೆಳವಣಿಗೆ ತೊಡಗಿ ಸುಮಾರು 2 ವರ್ಷಗಳ ನಂತರ ಇದನ್ನು ನಿರೀಕ್ಷಿಸಬಹುದು. ಕೆಲವು ತಿಂಗಳು ಮೊದಲು ಬಿಳಿಯ ಸ್ರಾವ ಕಾಣಿಸಿಕೊಳ್ಳುವುದುಂಟು. ಈ ಹಂತದಲ್ಲಿಯೇ ವಿಷಯ ತಿಳಿಸಿದರೆ, ರಕ್ತ ಕಂಡ ಬಾಲಕಿ ಗಾಯವೆಂದೋ ರೋಗವೆಂದೋ ಹೆದರುವುದು ತಪ್ಪುತ್ತದೆ.

ಸಿದ್ಧತೆ

ಶಾಲಾ ಚೀಲದಲ್ಲಿ ಒಂದೆರಡು ಪ್ಯಾಡ್, ಒಂದು ಒಳಉಡುಪು ಹಾಗೂ ಬಳಸಿದ ಪ್ಯಾಡ್ ಸುತ್ತಲು ಕಾಗದ ಇಟ್ಟುಕೊಳ್ಳುವುದು ಒಳ್ಳೆಯದು. ಪ್ಯಾಡನ್ನು 4ರಿಂದ 6 ಗಂಟೆಗೊಮ್ಮೆ ಬದಲಾಯಿಸಬೇಕು. ಬಟ್ಟೆ ಬಳಸುವವರು ಅದನ್ನು ಸಾಬೂನಿನಿಂದ ಒಗೆದು ಬಿಸಿಲಿನಲ್ಲಿ ಪೂರ್ಣವಾಗಿ ಒಣಗಿಸಬೇಕು. ನಾಚಿಕೆಯಿಂದ ಮರೆಯಲ್ಲಿ ಹರವಿದ ಬಟ್ಟೆಯಲ್ಲಿ ತೇವ ಉಳಿದರೆ ಸೋಂಕು ತಗಲಬಹುದು. ಕಿಬ್ಬೊಟ್ಟೆಯ ನೋವಿಗೆ ಬಿಸಿನೀರಿನ ಶಾಖ ಹಿತಕರ. ಸ್ನಾನ, ಆಟ, ಶಾಲೆ ಯಾವುದನ್ನೂ ನಿಲ್ಲಿಸಬೇಕಾಗಿಲ್ಲ.

ವೈದ್ಯಕೀಯ ಸಲಹೆ

ಸ್ರಾವವು 2ರಿಂದ 7 ದಿನ ಇರುತ್ತದೆ. ಮೊದಲ ಕೆಲವು ವರ್ಷ ಋತುಚಕ್ರವು 21ರಿಂದ 45 ದಿನಗಳವರೆಗೆ ಏರುಪೇರಾಗುವುದು ಸಹಜ. 15 ವರ್ಷ ತುಂಬಿದರೂ ಋತುಸ್ರಾವ ಆರಂಭವಾಗದಿದ್ದರೆ, 7 ದಿನ ಮೀರಿ ಮುಂದುವರಿದರೆ ಅಥವಾ ಒಂದೆರಡು ಗಂಟೆಗೇ ಪ್ಯಾಡ್ ತೊಯ್ದುಹೋಗುತ್ತಿದ್ದರೆ ವೈದ್ಯರನ್ನು ಕಾಣಬೇಕು.

ಕರ್ನಾಟಕದಲ್ಲಿ

ಹಲವೆಡೆ ಮೈನೆರೆದ ಹುಡುಗಿಗೆ ಆರತಿ ಬೆಳಗಿ, ಎಳ್ಳು–ಬೆಲ್ಲದ ಚಿಗಳಿ ತಿನ್ನಿಸುವ ಪದ್ಧತಿಯಿದೆ. ಹದಿಹರೆಯದ ಹುಡುಗಿಯರಿಗೆ ಉಚಿತವಾಗಿ ಪ್ಯಾಡ್ ವಿತರಿಸಲು ರಾಜ್ಯ ಸರ್ಕಾರವು ‘ಶುಚಿ’ ಯೋಜನೆಯನ್ನು ರೂಪಿಸಿದೆ.