ಹೊಗೆಯ ಲೆಕ್ಕ: ಭದ್ರಾವತಿಯಿಂದ ನೋಡಿದ ವಾಯುಮಾಲಿನ್ಯ ಸಂಶೋಧನೆಯ ಇತಿಹಾಸ



ನಮ್ಮ ಜಿಲ್ಲೆಯಲ್ಲಿ ಹೊಸಮನೆ ಎಂಬ ಬಡಾವಣೆ ಶಿವಮೊಗ್ಗ ನಗರದಲ್ಲೂ ಇದೆ, ಭದ್ರಾವತಿಯಲ್ಲೂ ಇದೆ. ಹೆಸರು ಒಂದೇ ಆದರೂ ಎರಡು ಊರುಗಳ ಗಾಳಿಯ ಇತಿಹಾಸ ಒಂದೇ ಅಲ್ಲ. ಭದ್ರಾವತಿಯ ಹಲವು ತಲೆಮಾರುಗಳು ಕಾರ್ಖಾನೆಯ ಸೈರನ್ ಕೇಳಿ ಎದ್ದು, ಚಿಮಣಿಯ ಹೊಗೆ ನೋಡುತ್ತಾ ಬೆಳೆದಿವೆ. ಹೊಗೆ ಬರುತ್ತಿದೆ ಎಂದರೆ ಕೆಲಸವಿದೆ, ತಿಂಗಳ ಕೊನೆಗೆ ಸಂಬಳವಿದೆ ಎಂದೇ ಅರ್ಥ. ಇದು ತಪ್ಪು ತಿಳಿವಳಿಕೆಯೇನಲ್ಲ. ಆ ಸಂಬಳದಿಂದಲೇ ಎಷ್ಟೋ ಮನೆಗಳ ಮಕ್ಕಳು ಶಾಲೆ ಕಾಲೇಜು ಸೇರಿದರು. ಆದರೆ ಕಾರ್ಖಾನೆಯ ದಫ್ತರದಲ್ಲಿ ಉಕ್ಕಿನ ಟನ್ನು, ಕಾಗದದ ಟನ್ನು, ಕೂಲಿಯ ರೂಪಾಯಿ ಇವುಗಳ ಲೆಕ್ಕವಿತ್ತು. ಎಲೆಗಳ ಮೇಲೆ ಮತ್ತು ಎದೆಯೊಳಗೆ ಕೂತ ಹೊಗೆಗೆ ಅಂಥ ಲೆಕ್ಕದ ಪುಸ್ತಕವಿರಲಿಲ್ಲ. ಆ ಎರಡನೆಯ ಲೆಕ್ಕವನ್ನು ಜಗತ್ತು ಹೇಗೆ ಕಲಿಯಿತು, ಅದರಿಂದ ನಮ್ಮ ಊರು ಕಲಿಯಬೇಕಾದದ್ದೇನು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಬೆಂಕಿಪುರದ ಕಾರ್ಖಾನೆ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಆಸಕ್ತಿಯಿಂದ ರೂಪುಗೊಂಡ ಮೈಸೂರು ಕಬ್ಬಿಣ ಕಾರ್ಖಾನೆ ಇಲ್ಲಿ 1923ರ ಜನವರಿಯಲ್ಲಿ ಕೆಲಸ ಆರಂಭಿಸಿತು. ಆಗ ಅದರ ಹೆಸರಿನಲ್ಲಿ ಕಬ್ಬಿಣದ ಜೊತೆಗೆ ‘ಮರದ ಭಟ್ಟಿ ಇಳಿಸುವಿಕೆ’ ಎಂಬ ಮಾತೂ ಸೇರಿತ್ತು. ಇದರ ಕಾರಣವನ್ನು ನಾವು ಗಮನಿಸಬೇಕು.

ಕೆಮ್ಮಣ್ಣುಗುಂಡಿಯ ಅದಿರು ಹತ್ತಿರದಲ್ಲಿತ್ತು. ಆದರೆ ಕಲ್ಲಿದ್ದಲು ದೂರವಿತ್ತು. ಆದ್ದರಿಂದ ಮಲೆನಾಡಿನ ಕಾಡಿನ ಸೌದೆಯನ್ನು ಇದ್ದಿಲು ಮಾಡಿ ಊದುಕುಲುಮೆಗೆ ಹಾಕಲಾಯಿತು. ಹಳ್ಳಿಯ ಇದ್ದಿಲು ಗೂಡಿನಲ್ಲಿ ಸೌದೆ ಸುಟ್ಟಾಗ ಹೊಗೆಯೆಲ್ಲ ಗಾಳಿಗೆ ಹೋಗುತ್ತದೆ. ಭದ್ರಾವತಿಯಲ್ಲಿ ಹಾಗೆ ಮಾಡದೆ, ಮುಚ್ಚಿದ ಕಬ್ಬಿಣದ ಪಾತ್ರೆಗಳಲ್ಲಿ ಸೌದೆಯನ್ನು ಕಾಯಿಸಿ, ಬಂದ ಹೊಗೆಯನ್ನು ತಣಿಸಿ, ಅದರಿಂದ ಮರದ ಮದ್ಯಸಾರ, ಡಾಂಬರು, ಅಸಿಟೇಟ್ ಲವಣ ಮುಂತಾದವನ್ನು ತೆಗೆಯುತ್ತಿದ್ದರು. ಅಂದರೆ ಹೊಗೆಯನ್ನು ಹಿಡಿಯಬಹುದು, ಹಿಡಿದರೆ ಅದರಲ್ಲಿ ಲಾಭವೂ ಇದೆ ಎಂಬ ಪಾಠ ನೂರು ವರ್ಷಗಳ ಹಿಂದೆಯೇ ನಮ್ಮ ಊರಿನಲ್ಲಿ ನಡೆದಿತ್ತು. ಅದು ಜನರ ಉಸಿರಿಗಾಗಿ ಮಾಡಿದ್ದಲ್ಲ, ವ್ಯಾಪಾರಕ್ಕಾಗಿ ಮಾಡಿದ್ದು ಎಂಬುದು ಬೇರೆ ಮಾತು.

1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಉಕ್ಕು ಕಾರ್ಖಾನೆಯೊಂದಿಗೆ ಸಿಮೆಂಟ್ ಘಟಕವೂ ಬೆಳೆಯಿತು. ಈ ಬಗೆಯ ಒಂದೊಂದು ಉದ್ಯಮಕ್ಕೂ ತನ್ನದೇ ಆದ ಹೊಗೆ ಇದೆ. ಊದುಕುಲುಮೆಯ ಅನಿಲದಲ್ಲಿ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಸಿಮೆಂಟ್ ಗೂಡಿನಿಂದ ಸುಣ್ಣದ ಗುಣದ ಧೂಳು ಏಳುತ್ತದೆ. ಗಂಧಕ ಬೆರೆತ ಕ್ಷಾರದಲ್ಲಿ ಮರವನ್ನು ಬೇಯಿಸುವ ಕಾಗದ ಕಾರ್ಖಾನೆಗಳಿಂದ ಕೊಳೆತ ಮೊಟ್ಟೆಯ ವಾಸನೆಯ ಅನಿಲಗಳು ಹೊರಬೀಳುತ್ತವೆ. ಹೈಡ್ರೋಜನ್ ಸಲ್ಫೈಡ್ ಎಂಬ ಈ ಅನಿಲದ ವಾಸನೆಗೆ ಮೂಗು ಬೇಗ ಒಗ್ಗಿಹೋಗುತ್ತದೆ. ವಾಸನೆ ತಿಳಿಯುತ್ತಿಲ್ಲ ಎಂದ ಮಾತ್ರಕ್ಕೆ ಅನಿಲ ಇಲ್ಲವೆಂದಲ್ಲ.

ಹಳೆಯ ವೈದ್ಯರ ಎಚ್ಚರಿಕೆ

ಕೆಟ್ಟ ಗಾಳಿ ಕಾಯಿಲೆ ತರುತ್ತದೆ ಎಂಬ ಅರಿವು ಹಳೆಯದು. ಬಗ್ದಾದಿನಲ್ಲಿ ಆಸ್ಪತ್ರೆಗೆ ಜಾಗ ಆರಿಸಲು ವೈದ್ಯ ಅಲ್ ರಾಝಿ ನಗರದ ಬೇರೆ ಬೇರೆ ಕಡೆ ಮಾಂಸದ ತುಂಡುಗಳನ್ನು ತೂಗುಹಾಕಿಸಿ, ಎಲ್ಲಿ ನಿಧಾನವಾಗಿ ಕೆಟ್ಟಿತೋ ಆ ಜಾಗವನ್ನು ಆರಿಸಿದರು ಎಂಬ ಕಥೆ ಪ್ರಸಿದ್ಧವಾಗಿದೆ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ಹೊಗೆ ಮತ್ತು ಕೆಟ್ಟ ಆವಿ ಬೆರೆಯದ ಗಾಳಿಯೇ ಒಳ್ಳೆಯ ಗಾಳಿ ಎಂದು ವಿವರಿಸಿದರು. 1661ರಲ್ಲಿ ಇಂಗ್ಲೆಂಡಿನ ಜಾನ್ ಎವೆಲಿನ್ ಲಂಡನ್ನಿನ ಕಲ್ಲಿದ್ದಲ ಹೊಗೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದು ರಾಜನಿಗೆ ಒಪ್ಪಿಸಿದರು. ಇವರೆಲ್ಲ ಎಚ್ಚರಿಸಿದರು. ಆದರೆ ಎಷ್ಟು ಹೊಗೆ, ಎಷ್ಟು ಹಾನಿ ಎಂದು ಅಳೆಯುವ ಸಾಧನ ಅವರಿಗೆ ಇರಲಿಲ್ಲ.

ಮೊದಲ ಸಾಕ್ಷಿಗಳು ಗಿಡಮರಗಳು

ಅಳತೆಯ ಕಾಲ ಆರಂಭವಾದಾಗ ಮೊದಲು ಸಾಕ್ಷಿ ನುಡಿದವು ಗಿಡಮರಗಳೇ. ಮನುಷ್ಯ ಕೆಮ್ಮಿದರೆ ಶೀತ ಎನ್ನಬಹುದು, ಬೀಡಿ ಎನ್ನಬಹುದು. ಆದರೆ ಕಾರ್ಖಾನೆಯ ಗಾಳಿ ಬೀಸುವ ಕಡೆಯ ಮರಗಳೇ ಒಣಗಿದರೆ ಕಾರಣವನ್ನು ಬಚ್ಚಿಡುವುದು ಕಷ್ಟ. ಇಂಗ್ಲೆಂಡಿನಲ್ಲಿ ಸೋಡಾ ತಯಾರಿಸುವ ಕಾರ್ಖಾನೆಗಳ ಆಮ್ಲದ ಹೊಗೆ ಸುತ್ತಲಿನ ಮರಗಳನ್ನೂ ಬೆಳೆಗಳನ್ನೂ ಹಾಳುಮಾಡಿದ್ದರಿಂದ ಜಮೀನುದಾರರು ದೂರು ಕೊಟ್ಟರು. ಅದರ ಫಲವಾಗಿ 1863ರ ಕಾನೂನು ಆ ಆಮ್ಲದ ಅನಿಲದಲ್ಲಿ ನೂರಕ್ಕೆ 95 ಭಾಗವನ್ನು ಹಿಡಿಯಲೇಬೇಕೆಂದು ವಿಧಿಸಿತು. ಹೀಗೆ ಹಿಡಿದ ಆಮ್ಲ ಬಟ್ಟೆ ಬಿಳುಪು ಮಾಡುವ ಪುಡಿಗೆ ಉಪಯೋಗವಾಯಿತು. ಬೆಂಕಿಪುರದ ಪಾಠವೇ ಅಲ್ಲಿಯೂ ನಡೆದದ್ದು ಗಮನಾರ್ಹ. ಆ ಕಾನೂನಿನ ಮೊದಲ ತನಿಖಾಧಿಕಾರಿ ರಾಬರ್ಟ್ ಆಂಗಸ್ ಸ್ಮಿತ್ ಮಳೆನೀರನ್ನು ಪರೀಕ್ಷಿಸಿ, 1872ರ ತಮ್ಮ ಗ್ರಂಥದಲ್ಲಿ ‘ಆಮ್ಲ ಮಳೆ’ ಎಂಬ ಮಾತನ್ನು ಬಳಸಿದರು.

ಇನ್ನೊಂದು ಸಾಕ್ಷಿ ನಮ್ಮ ಅಡುಗೆಮನೆಯಲ್ಲೇ ಇದೆ. ಬಿರಿಯಾನಿ ಮಸಾಲೆಗೆ ಹಾಕುವ ಕಲ್ಲುಹೂವು ಹೂವಲ್ಲ. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವಿ ಅದು. ಇಂಥವು ಮರದ ತೊಗಟೆ ಮತ್ತು ಬಂಡೆಗಳ ಮೇಲೆ ಬೆಳೆಯುತ್ತವೆ. ಬೇರಿಲ್ಲದ ಕಾರಣ ಬೇಕಾದದ್ದನ್ನೆಲ್ಲ ಗಾಳಿ ಮತ್ತು ಮಳೆಯಿಂದಲೇ ಹೀರಿಕೊಳ್ಳುತ್ತವೆ. ಜೊತೆಗೆ ವಿಷವನ್ನೂ ಹೀರುತ್ತವೆ. ಪ್ಯಾರಿಸ್ ನಗರದ ಉದ್ಯಾನವೊಂದರಲ್ಲಿ ಇವುಗಳನ್ನು ಗಮನಿಸಿದ ವಿಲಿಯಂ ನೈಲಾಂಡರ್, ಇವು ಗಾಳಿಯ ಶುದ್ಧತೆಯ ಅಳತೆಗೋಲು ಎಂದು 1866ರಲ್ಲಿ ತೋರಿಸಿಕೊಟ್ಟರು. ನಮ್ಮ ರಾಜ್ಯದಲ್ಲೂ ಬೆಂಗಳೂರು ನಗರದ, ವಿಶೇಷವಾಗಿ ಲಾಲ್‌ಬಾಗಿನ ಕಲ್ಲುಹೂವುಗಳನ್ನೂ ಅವುಗಳಲ್ಲಿ ಸೇರಿದ ಭಾರಲೋಹಗಳನ್ನೂ ಅಧ್ಯಯನ ಮಾಡಿದ ಸಂಶೋಧನೆ 2003ರಲ್ಲಿ ಪ್ರಕಟವಾಗಿದೆ.

ಹೊಗೆ ಎಲೆಗೆ ಮಾಡುವುದೇನು? ಎಲೆಯ ಅಡಿಯಲ್ಲಿ ಹೆಚ್ಚಾಗಿರುವ ಪತ್ರರಂಧ್ರಗಳೆಂಬ ಸಣ್ಣ ಬಾಯಿಗಳ ಮೂಲಕ ಗಂಧಕದ ಡೈಆಕ್ಸೈಡ್ ಒಳಹೋಗಿ, ತೇವದಲ್ಲಿ ಕರಗಿ ಪತ್ರಹರಿತ್ತನ್ನು ಕೆಡಿಸುತ್ತದೆ. ಆಗ ಎಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಬಿಳುಚುತ್ತದೆ. ಧೂಳು ಎಲೆಯ ಮೇಲೆ ಕೂತು ಬಿಸಿಲನ್ನು ತಡೆಯುತ್ತದೆ. ಸಿಮೆಂಟ್ ಧೂಳು ಇಬ್ಬನಿಯೊಂದಿಗೆ ಸೇರಿ ಗಟ್ಟಿ ಪದರವಾಗುತ್ತದೆ. ಅಮೆರಿಕದ ಲಾಸ್ ಏಂಜಲೀಸ್ ಬಳಿ ತರಕಾರಿ ಎಲೆಗಳು ವಿಚಿತ್ರವಾಗಿ ಹಾಳಾಗುತ್ತಿದ್ದುದನ್ನು ಪರಿಶೀಲಿಸಿದ ರಸಾಯನಶಾಸ್ತ್ರಜ್ಞ ಹಾಗೆನ್-ಸ್ಮಿಟ್, ವಾಹನಗಳ ಹೊಗೆ ಬಿಸಿಲಿನಲ್ಲಿ ಮಾರ್ಪಟ್ಟು ಓಝೋನ್ ಆಗುತ್ತದೆ ಎಂದು 1950ರ ದಶಕದ ಆರಂಭದಲ್ಲಿ ಸಾಧಿಸಿದರು. ಚಿಮಣಿ ಇಲ್ಲದ ಊರಿನಲ್ಲೂ ಗಾಳಿ ಕೆಡಬಹುದು ಎಂದು ಮೊದಲು ತಿಳಿಸಿದ್ದೂ ಎಲೆಗಳೇ.

ಭಾರತದ ಕೊಡುಗೆಯೂ ಇಲ್ಲಿ ಸಣ್ಣದಲ್ಲ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಿಂಗ್ ಮತ್ತು ರಾವ್ ಎಂಬ ವಿಜ್ಞಾನಿಗಳು 1983ರಲ್ಲಿ ಸಸ್ಯಗಳ ಸಹಿಷ್ಣುತೆಯ ಸೂಚ್ಯಂಕವನ್ನು ರೂಪಿಸಿದರು. ಎಲೆಯಲ್ಲಿನ ಆಸ್ಕಾರ್ಬಿಕ್ ಆಮ್ಲ, ಪತ್ರಹರಿತ್ತು, ಎಲೆರಸದ ಆಮ್ಲಗುಣ, ನೀರಿನ ಅಂಶ ಎಂಬ ನಾಲ್ಕನ್ನು ಅಳೆದರೆ ಯಾವ ಮರ ಹೊಗೆಯನ್ನು ತಾಳುತ್ತದೆ, ಯಾವುದು ಬೇಗ ನರಳುತ್ತದೆ ಎಂದು ಹೇಳಬಹುದು. ತಾಳುವ ಮರವನ್ನು ಕಾರ್ಖಾನೆಯ ಸುತ್ತ ನೆಡಬಹುದು. ನರಳುವ ಮರ ನಮಗೆ ಎಚ್ಚರಿಕೆ ಕೊಡುತ್ತದೆ.

ಮನುಷ್ಯರ ಲೆಕ್ಕ ತಡವಾಗಿ ಬಂತು

ಮನುಷ್ಯರ ಲೆಕ್ಕ ಮಾತ್ರ ಸಾವಿನಿಂದಲೇ ಶುರುವಾಯಿತು. 1930ರ ಡಿಸೆಂಬರಿನಲ್ಲಿ ಬೆಲ್ಜಿಯಂನ ಮ್ಯೂಸ್ ಕಣಿವೆಯಲ್ಲಿ ಕಾರ್ಖಾನೆಗಳ ಹೊಗೆ ಮಂಜಿನಡಿ ಸಿಕ್ಕಿಕೊಂಡು ಅರವತ್ತು ಜನ ಸತ್ತರು. ಅದನ್ನು ತನಿಖೆ ಮಾಡಿದ ವೈದ್ಯ ಫಿರ್ಕೆ, ಲಂಡನ್ನಿನಂಥ ನಗರದಲ್ಲಿ ಹೀಗಾದರೆ ಮೂರು ಸಾವಿರಕ್ಕೂ ಹೆಚ್ಚು ಜನ ಸಾಯಬಹುದು ಎಂದು ಲೆಕ್ಕಹಾಕಿ ಹೇಳಿದರು. 1948ರಲ್ಲಿ ಅಮೆರಿಕದ ಡೊನೋರಾ ಎಂಬ ಉಕ್ಕಿನ ಊರಿನಲ್ಲಿ 20 ಜನ ಸತ್ತರು. 1952ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲೇ ಹೊಗೆಮಂಜು ಕವಿದು ಸುಮಾರು ನಾಲ್ಕು ಸಾವಿರ ಸಾವುಗಳು ಸಂಭವಿಸಿದವು. ನಂತರದ ಅಂದಾಜುಗಳು ಇನ್ನೂ ಹೆಚ್ಚು. ಫಿರ್ಕೆ ಕೊಟ್ಟ ಎಚ್ಚರಿಕೆ ಕೇಳುವವರಿಲ್ಲದೆ ಹೋಯಿತು. ಬ್ರಿಟನ್ನಿನ ಶುದ್ಧ ಗಾಳಿಯ ಕಾನೂನು ಬಂದದ್ದು 1956ರಲ್ಲಿ.

ನಮ್ಮ ದೇಶದಲ್ಲಿ ಹೊಗೆಯ ಜಾಡು ಹಿಡಿದವರಲ್ಲಿ ಹೃದ್ರೋಗ ತಜ್ಞೆ ಡಾ. ಎಸ್. ಪದ್ಮಾವತಿ ಪ್ರಮುಖರು. 1950ರ ದಶಕದಲ್ಲಿ ದೆಹಲಿಯಲ್ಲಿ ಅವರು ಶ್ವಾಸಕೋಶದ ಕಾಯಿಲೆಯಿಂದ ಹೃದಯ ಸೋತ ರೋಗಿಗಳನ್ನು ಅಧ್ಯಯನ ಮಾಡಿ, ಹೆಂಗಸರಲ್ಲೂ ಈ ರೋಗ ಇರುವುದಕ್ಕೆ ಒಲೆಯ ಹೊಗೆಯ ಕಡೆ ಬೆರಳು ತೋರಿಸಿದರು. 1980ರ ದಶಕದ ಆರಂಭದಲ್ಲಿ ಕಿರ್ಕ್ ಸ್ಮಿತ್ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಮೈಮೇಲೆಯೇ ಅಳತೆಯ ಯಂತ್ರ ಕಟ್ಟಿ, ಅವರು ಉಸಿರಾಡುವ ಗಾಳಿ ನಗರದ ಬೀದಿಯ ಗಾಳಿಗಿಂತ ಎಷ್ಟೋ ಪಾಲು ಕೆಟ್ಟದ್ದೆಂದು ತೋರಿಸಿದರು.

ಭದ್ರಾವತಿಯವರು ವಿಶೇಷವಾಗಿ ತಿಳಿಯಬೇಕಾದ ಅಧ್ಯಯನ ಇನ್ನೊಂದಿದೆ. ಅಮೆರಿಕದ ಯೂಟಾ ಕಣಿವೆಯ ಉಕ್ಕು ಕಾರ್ಖಾನೆಯೊಂದು ಕಾರ್ಮಿಕ ವಿವಾದದಿಂದ 1986ರ ಆಗಸ್ಟಿನಿಂದ 1987ರ ಸೆಪ್ಟೆಂಬರಿನವರೆಗೆ ಮುಚ್ಚಿತ್ತು. ಆರ್ಡನ್ ಪೋಪ್ ಎಂಬ ಅರ್ಥಶಾಸ್ತ್ರಜ್ಞರು ಆಸ್ಪತ್ರೆಗಳ ದಾಖಲೆ ತೆಗೆದು ನೋಡಿದರು. ಕಾರ್ಖಾನೆ ನಡೆಯುತ್ತಿದ್ದ ಚಳಿಗಾಲಗಳಲ್ಲಿ ಉಬ್ಬಸ ಮತ್ತು ಶ್ವಾಸನಾಳದ ಕಾಯಿಲೆಯಿಂದ ಆಸ್ಪತ್ರೆ ಸೇರಿದ ಪುಟ್ಟ ಮಕ್ಕಳ ಸಂಖ್ಯೆ, ಮುಚ್ಚಿದ್ದ ಚಳಿಗಾಲಕ್ಕಿಂತ ಸುಮಾರು ಎರಡು ಪಟ್ಟು ಇತ್ತು. 1989ರಲ್ಲಿ ಇದು ಪ್ರಕಟವಾಯಿತು. ದುಬಾರಿ ಯಂತ್ರ ಕೊಳ್ಳದೆ, ಇದ್ದ ದಾಖಲೆಗಳನ್ನೇ ಶ್ರದ್ಧೆಯಿಂದ ಓದಿ ಮಾಡಿದ ಕೆಲಸ ಇದು. 1993ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದವರು ಆರು ನಗರಗಳ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಹದಿನಾಲ್ಕು ವರ್ಷಕ್ಕೂ ಮಿಕ್ಕಿ ಗಮನಿಸಿದ ವರದಿ ಪ್ರಕಟಿಸಿದರು. ಗಾಳಿ ಅತಿ ಕೆಟ್ಟಿದ್ದ ಊರಿನಲ್ಲಿ ಸಾವಿನ ಪ್ರಮಾಣ, ಅತಿ ಶುದ್ಧವಾಗಿದ್ದ ಊರಿಗಿಂತ ನೂರಕ್ಕೆ 26ರಷ್ಟು ಹೆಚ್ಚಿತ್ತು. ಆ ಕೆಟ್ಟ ಗಾಳಿಯ ಊರು ಸ್ಟೂಬೆನ್‌ವಿಲ್. ಅದೂ ನದಿ ದಂಡೆಯ ಉಕ್ಕಿನ ಊರು.

ಕಾರಣ ಸೂಕ್ಷ್ಮ ಕಣಗಳು. ದಪ್ಪ ಧೂಳನ್ನು ಮೂಗು, ಗಂಟಲು ತಡೆಯುತ್ತವೆ. ಆದರೆ ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೂ ಇಳಿಯುತ್ತವೆ. ಅತಿ ಸಣ್ಣವು ರಕ್ತಕ್ಕೂ ಸೇರುತ್ತವೆ. ಆದ್ದರಿಂದಲೇ ಹೊಗೆ ಕೆಮ್ಮಿನ ವಿಷಯವಷ್ಟೇ ಅಲ್ಲ, ಹೃದಯಾಘಾತ ಮತ್ತು ಲಕ್ವದ ವಿಷಯವೂ ಹೌದು. ಹೊರಗಿನ ಗಾಳಿಯ ಮಾಲಿನ್ಯ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2013ರಲ್ಲಿ ಘೋಷಿಸಿತು.

ಕಾನೂನು ಮತ್ತು ಅಂಕಿ

ಭಾರತದಲ್ಲಿ ವಾಯುಮಾಲಿನ್ಯ ತಡೆ ಕಾಯ್ದೆ ಬಂದದ್ದು 1981ರಲ್ಲಿ. ಆ ಹೊತ್ತಿಗೆ ಬೆಂಕಿಪುರದ ಮೊದಲ ಕುಲುಮೆ ಹೊತ್ತಿ 58 ವರ್ಷ ಕಳೆದಿತ್ತು. 2009ರ ರಾಷ್ಟ್ರೀಯ ಮಾನದಂಡದಂತೆ ಈ ಸೂಕ್ಷ್ಮ ಕಣಗಳು ವರ್ಷದ ಸರಾಸರಿಯಲ್ಲಿ ಘನ ಮೀಟರಿಗೆ 40 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಕೇವಲ 5. ಕಾನೂನಿನ ಮಿತಿಯೊಳಗೆ ಇದ್ದ ಮಾತ್ರಕ್ಕೆ ಗಾಳಿ ನಿರಪಾಯ ಎನ್ನಲಾಗದು.

ನಮ್ಮ ಮುಂದಿರುವ ಪ್ರಶ್ನೆ

ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಉಕ್ಕು ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ, ಅದರ ನೂರನೆಯ ವರ್ಷ ತುಂಬಿದ 2023ರ ಜನವರಿಯಲ್ಲೇ ಪ್ರಕಟವಾಯಿತು. ಕಾರ್ಮಿಕರು ಹೋರಾಟಕ್ಕೆ ಇಳಿದರು. ಹಳೆಯ ಹೊಗೆ ಕಡಿಮೆಯಾಯಿತು ಎಂದು ಸಂತೋಷಪಡುವ ಸ್ಥಿತಿ ನಮ್ಮದಲ್ಲ. ಕೆಲಸ ಹೋದ ಮನೆಯಲ್ಲಿ ಸಿಲಿಂಡರ್ ತುಂಬಿಸಲು ಹಣವಿಲ್ಲದೆ ಮತ್ತೆ ಸೌದೆ ಒಲೆ ಹೊತ್ತಿದರೆ, ಚಿಮಣಿಯ ಹೊಗೆ ಹೋಗಿ ಅಡುಗೆಮನೆಯ ಹೊಗೆ ಬಂದಂತಾಯಿತು. ರಸ್ತೆಯ ಧೂಳು, ವಾಹನಗಳ ಹೊಗೆ, ಬೀದಿಬದಿಯಲ್ಲಿ ಸುಡುವ ಪ್ಲಾಸ್ಟಿಕ್ ಕಸ, ಇವು ಎರಡೂ ಹೊಸಮನೆಗಳಿಗೆ ಸಮಾನ.

“ಕೆಲಸ ಬೇಕೋ, ಗಾಳಿ ಬೇಕೋ?” ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯೇ ಸರಿಯಲ್ಲ ಎಂದು ಹೇಳುವ ಧೈರ್ಯ ನಮಗೆ ಇತಿಹಾಸದಿಂದ ಬರಬೇಕು. ಹೊಗೆಯನ್ನು ಹಿಡಿದು ಉಪಯೋಗಿಸುವ ವಿದ್ಯೆ 1863ರಲ್ಲೂ ಇತ್ತು, 1923ರಲ್ಲಿ ನಮ್ಮ ಊರಿನಲ್ಲೇ ಇತ್ತು. ಕಾರ್ಖಾನೆಗಳಿಗೆ ಮತ್ತೆ ಜೀವ ಬರಲಿ ಎಂದು ಕೇಳುವ ಮನವಿಯಲ್ಲೇ, ಗಾಳಿಯ ಅಳತೆಯನ್ನು ಜನರಿಗೆ ಕಾಣುವಂತೆ ಇಡಬೇಕು ಎಂಬ ಸಾಲೂ ಇರಲಿ.

ವಿದ್ಯಾರ್ಥಿ ಮಿತ್ರರೇ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ, ಅಲ್ಲಿ ಪರಿಸರ ವಿಜ್ಞಾನ ವಿಭಾಗವೂ ಇದೆ. ನಿಮ್ಮಲ್ಲಿ ಕೆಲವರಾದರೂ ಈ ವಿಷಯವನ್ನು ಆರಿಸಿಕೊಳ್ಳಿ. ಅದಕ್ಕೆ ಮೊದಲೇ ಮಾಡಬಹುದಾದ ಕೆಲಸಗಳೂ ಇವೆ. ಹೆದ್ದಾರಿ ಬದಿಯ ಮಾವಿನ ಎಲೆಯನ್ನೂ ಊರಾಚೆಯ ತೋಟದ ಮಾವಿನ ಎಲೆಯನ್ನೂ ಬಿಳಿ ಬಟ್ಟೆಯಿಂದ ಒರೆಸಿ ಹೋಲಿಸಿ. ಯಾವ ಬೀದಿಯ ಮರದ ಮೇಲೆ ಕಲ್ಲುಹೂವಿನ ಜಾತಿ ಬೆಳೆದಿದೆ, ಯಾವುದರ ಮೇಲೆ ಇಲ್ಲ ಎಂದು ಗುರುತು ಹಾಕಿ, ವರ್ಷವರ್ಷವೂ ಅದೇ ಮರಗಳನ್ನು ನೋಡಿ. ನಿಮ್ಮ ಅಮ್ಮ, ಅಜ್ಜಿಯರು ದಿನಕ್ಕೆ ಎಷ್ಟು ಹೊತ್ತು ಒಲೆಯ ಮುಂದೆ ಕೂರುತ್ತಾರೆ ಎಂದು ಬರೆದಿಡಿ. ಪೋಪ್ ಅವರು ಆರಂಭಿಸಿದ್ದೂ ಇಂಥ ಸಾಮಾನ್ಯ ದಾಖಲೆಗಳಿಂದಲೇ. ಟನ್ನಿನ ಲೆಕ್ಕ ಬರೆಯುವವರು ಯಾವಾಗಲೂ ಇರುತ್ತಾರೆ. ಉಸಿರಿನ ಲೆಕ್ಕ ಬರೆಯುವವರು ನಮ್ಮ ಮನೆಗಳಿಂದಲೇ ಬರಬೇಕಾಗಿದೆ.